ಯಾವ ಕಾದಂಬರಿ ಓದಲಿ? ಪದೇ ಪದೇ ಕೇಳುವ ಪ್ರಶ್ನೆಗಳು

"ಈಚೆಗೆ ಏನು ಓದಿದ್ರಿ? ಒಂದು ಒಳ್ಳೆ ಕಾದಂಬರಿ ಹೇಳಿ" ಅಂತ ಕೇಳುವವರು ಬಹಳ ಜನ. ಎಲ್ಲರಿಗೂ ಒಂದೇ ಹೆಸರು ಹೇಳಲು ಆಗುವುದಿಲ್ಲ. ಪತ್ತೇದಾರಿ ಬೇಕು ಅನ್ನುವವರ ಕೈಗೆ ಏಳುನೂರು ಪುಟದ ಮಹಾಕಾದಂಬರಿ ಕೊಟ್ಟರೆ ಅದು ಮೊದಲ ಅಧ್ಯಾಯದಲ್ಲೇ ನಿಲ್ಲುತ್ತದೆ, ಆಮೇಲೆ "ಕನ್ನಡದಲ್ಲಿ ಎಲ್ಲಾ ಭಾರ" ಅನ್ನುವ ಮಾತು ಬರುತ್ತದೆ. ನನಗೆ ಅದು ನಿಜಕ್ಕೂ ಬೇಸರದ ಮಾತು. ನಾವು ಪುಸ್ತಕಗಳನ್ನು ಲೇಖಕರ ಹೆಸರಿನಿಂದ, ಪ್ರಶಸ್ತಿಯಿಂದ ಗುರುತಿಸುತ್ತೇವೆ. ಆ ಪುಸ್ತಕ ಓದುವವರಿಗೆ ಏನು ಮಾಡುತ್ತದೆ ಅಂತ ಹೇಳುವುದು ಕಡಿಮೆ. ಹೆದರಿಸುತ್ತದಾ, ನಗಿಸುತ್ತದಾ, ಪುಟ ತಿರುಗಿಸುವಂತೆ ಮಾಡುತ್ತದಾ? ಈಚೆಗೆ ಓದಿದ ಮತ್ತು ಮತ್ತೊಮ್ಮೆ ಓದಿದ ಕಾದಂಬರಿಗಳ ಬಗ್ಗೆ ಆ ಲೆಕ್ಕದಲ್ಲೇ ಇಲ್ಲಿ ಉತ್ತರ ಬರೆದಿದ್ದೇನೆ. ಹೆಚ್ಚಿನವು ಕನ್ನಡದವು, ಕೆಲವು ಹೊರಗಿನವು. ಕೊನೆ ಏನಾಗುತ್ತದೆ ಅಂತ ಎಲ್ಲೂ ಹೇಳಿಲ್ಲ.

ಎಷ್ಟೋ ವರ್ಷದಿಂದ ಏನೂ ಓದಿಲ್ಲ. ಎಲ್ಲಿಂದ ಶುರು ಮಾಡಲಿ?

ಚಿಕ್ಕದರಿಂದ. ಒಂದೆರಡು ಸಲ ಕೂತರೆ ಮುಗಿಯುವಂಥದ್ದು ತೆಗೆದುಕೊಳ್ಳಿ. ಓದು ಬಿಟ್ಟವರಿಗೆ ಮೊದಲು ಬೇಕಾಗಿರುವುದು ಒಂದು ಪುಸ್ತಕ ಮುಗಿಸಿದ ಖುಷಿ. ಗಂಭೀರವಾದದ್ದು, ದೊಡ್ಡದು, ಎಲ್ಲರೂ ಹೊಗಳುವಂಥದ್ದು ಆಮೇಲೆ ಓದಬಹುದು.

ನಾನು ಮೊದಲು ಹೇಳುವುದು ದೇವನೂರ ಮಹಾದೇವ ಅವರ 'ಒಡಲಾಳ'. ಸಣ್ಣ ಪುಸ್ತಕ. ಕಳೆದುಹೋದ ಕೋಳಿಯನ್ನು ಹುಡುಕುವ ಸಾಕವ್ವ ಅನ್ನುವ ಮುದುಕಿ, ಅವಳ ತುಂಬು ಸಂಸಾರ, ಅಷ್ಟೇ. ಒಂದು ರಾತ್ರಿ ಮನೆಗೆ ಕದ್ದ ಕಡಲೆಕಾಯಿ ಬರುತ್ತದೆ. ಇಡೀ ಮನೆ ಬೆಂಕಿಯ ಸುತ್ತ ಕೂತು ತಿನ್ನಲು ಶುರು ಮಾಡುತ್ತದೆ. ದೊಡ್ಡವರು, ಮಕ್ಕಳು, ಮುದುಕಿ, ಎಲ್ಲರೂ. ಬೆಳಗಾಗುವುದರೊಳಗೆ ಒಂದು ಕಾಳೂ ಉಳಿಯಬಾರದು. ಹಸಿವು, ಭಯ, ಮಾತು, ನಗು ಎಲ್ಲಾ ಒಂದೇ ಕಡೆ ಸೇರುವ ಅಂಥ ದೃಶ್ಯವನ್ನು ನಾನು ಬೇರೆಲ್ಲೂ ಓದಿಲ್ಲ. ಹಸಿವಿನ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಕನಿಕರ ತರುತ್ತಾರೆ, ಇಲ್ಲಿ ಆ ಮನೆಯವರು ಆ ರಾತ್ರಿ ಎಷ್ಟು ಸಂತೋಷವಾಗಿದ್ದಾರೆ ಅನ್ನುವುದೇ ನಮ್ಮನ್ನು ಅಲ್ಲಾಡಿಸುತ್ತದೆ. ಆಡುಮಾತು ಮೊದಲ ಪುಟಗಳಲ್ಲಿ ಸ್ವಲ್ಪ ತಡೆಯಬಹುದು. ಜೋರಾಗಿ ಓದಿ ನೋಡಿ, ಕಿವಿಗೆ ಬಿದ್ದರೆ ತಾನಾಗಿಯೇ ಅರ್ಥವಾಗುತ್ತದೆ.

ಪತ್ತೇದಾರಿ ಕಾದಂಬರಿ ಬೇಕು. ಕನ್ನಡದಲ್ಲಿ ಇದೆಯಾ?

ಇದೆ, ದೊಡ್ಡ ಪರಂಪರೆಯೇ ಇದೆ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಓದಿಕೊಂಡೇ ಓದಿನ ರುಚಿ ಹತ್ತಿಸಿಕೊಂಡ ಒಂದು ತಲೆಮಾರು ನಮ್ಮಲ್ಲಿದೆ. ಈಗ ಓದಿದರೆ ಕೆಲವು ಕಡೆ ಹಳೆಯದು ಅನ್ನಿಸುತ್ತದೆ, ಆದರೆ ಕಥೆಯ ಓಟ ಹಾಗೇ ಇದೆ.

ಈಚೆಗಿನವರಲ್ಲಿ ಕೆ.ಎನ್. ಗಣೇಶಯ್ಯ ಅವರನ್ನು ಓದಿ. ಅವರು ಕೃಷಿ ವಿಜ್ಞಾನಿ, ಆ ಬುದ್ಧಿ ಕಥೆಯಲ್ಲಿ ಕಾಣುತ್ತದೆ. 'ಕನಕ ಮುಸುಕು' ಕಾದಂಬರಿಯ ಬೀಜ ನೋಡಿ: ಹೊಯ್ಸಳರ ಕಾಲದ ದೇವಸ್ಥಾನಗಳ ಶಿಲ್ಪಗಳ ಕೈಯಲ್ಲಿ ಮುಸುಕಿನ ಜೋಳದ ತೆನೆಯಂತೆ ಕಾಣುವ ಒಂದು ವಸ್ತು ಇದೆ. ಮುಸುಕಿನ ಜೋಳ ಹುಟ್ಟಿದ್ದು ಅಮೆರಿಕ ಖಂಡದಲ್ಲಿ. ಕೊಲಂಬಸ್ ಅಲ್ಲಿಗೆ ಹೋಗಿದ್ದು 1492ರಲ್ಲಿ. ಸೋಮನಾಥಪುರದ ದೇವಸ್ಥಾನ 13ನೇ ಶತಮಾನದ್ದು. ಹಾಗಾದರೆ ಶಿಲ್ಪಿ ಕೆತ್ತಿದ್ದು ಏನನ್ನು? ವಿದ್ವಾಂಸರು ನಿಜವಾಗಿಯೂ ಜಗಳವಾಡಿದ ಪ್ರಶ್ನೆ ಇದು, ಅದನ್ನು ಹಿಡಿದುಕೊಂಡು ಥ್ರಿಲ್ಲರ್ ಕಟ್ಟಿದ್ದಾರೆ. ಅವರ ಪಾತ್ರಗಳು ಕೆಲವು ಸಲ ಮಾಹಿತಿ ಹೇಳುವುದಕ್ಕೇ ಬಂದವರಂತೆ ಮಾತಾಡುತ್ತಾರೆ, ಅದು ನಿಜ. ನನಗೆ ಅದು ಅಡ್ಡಿಯಾಗಲಿಲ್ಲ. ಪುಸ್ತಕ ಮುಚ್ಚಿದ ಮೇಲೆ ಯಾವ ಹಳೆಯ ಶಿಲ್ಪ ನೋಡಿದರೂ ಅದರ ಕೈಯಲ್ಲಿ ಏನಿದೆ ಅಂತ ಕಣ್ಣು ಹೋಗುತ್ತದೆ.

ಹೊರಗಿನದು ಬೇಕಾದರೆ ಜಪಾನಿನ ಕೀಗೊ ಹಿಗಾಶಿನೊ ಅವರ 'ದಿ ಡಿವೋಷನ್ ಆಫ್ ಸಸ್ಪೆಕ್ಟ್ ಎಕ್ಸ್'. ಕೊಲೆ ಮಾಡಿದವರು ಯಾರು ಅಂತ ಮೊದಲಲ್ಲೇ ಗೊತ್ತಾಗುತ್ತದೆ. ಅವರನ್ನು ಉಳಿಸಲು ಪಕ್ಕದ ಮನೆಯ ಗಣಿತ ಮೇಷ್ಟ್ರು ಏನು ಮಾಡಿದ ಅನ್ನುವುದೇ ಪ್ರಶ್ನೆ. ಎಲ್ಲಾ ಕಣ್ಣೆದುರೇ ಇದ್ದೂ ಕಾಣುವುದಿಲ್ಲ.

ಥ್ರಿಲ್ಲರ್ ಬೇಕು, ಆದರೆ ಬಂದೂಕು, ಬೆನ್ನಟ್ಟುವುದು ಬೇಡ. ಸಿಗುತ್ತದಾ?

ಈ ಪ್ರಶ್ನೆ ಕೇಳಿದವರಿಗೆ ನನ್ನ ಹತ್ತಿರ ಒಂದೇ ಉತ್ತರ: ಯಶವಂತ ಚಿತ್ತಾಲರ 'ಶಿಕಾರಿ'. 1979ರ ಕಾದಂಬರಿ. ಪಠ್ಯಪುಸ್ತಕದ ಭಾಷೆಯಲ್ಲಿ ಇದನ್ನು ನವ್ಯ ಕಾದಂಬರಿ, ಅಸ್ತಿತ್ವದ ಆತಂಕ ಅಂತೆಲ್ಲ ಹೇಳುತ್ತಾರೆ, ಕೇಳಿದವರು ಹೆದರಿ ದೂರ ಹೋಗುತ್ತಾರೆ. ಅಷ್ಟೆಲ್ಲ ಬೇಡ. ಇದು ಆಫೀಸಿನ ಥ್ರಿಲ್ಲರ್.

ಮುಂಬಯಿಯ ದೊಡ್ಡ ಕೆಮಿಕಲ್ ಕಂಪನಿಯೊಂದರಲ್ಲಿ ಮೇಲಿನ ಹುದ್ದೆಯಲ್ಲಿರುವ ನಾಗಪ್ಪನನ್ನು ಇದ್ದಕ್ಕಿದ್ದಂತೆ ಕೆಲಸದಿಂದ ಸಸ್ಪೆಂಡ್ ಮಾಡುತ್ತಾರೆ. ಆರೋಪ ಏನು ಅಂತ ಅವನಿಗೆ ಸರಿಯಾಗಿ ಹೇಳುವವರಿಲ್ಲ. ಅಲ್ಲಿಂದ ಮುಂದೆ ಫೋನ್ ಕರೆ, ಪತ್ರ, ಊಟಕ್ಕೆ ಕರೆದ ಗೆಳೆಯನ ಒಂದು ಮಾತು, ಎಲ್ಲವನ್ನೂ ಅವನು ಅನುಮಾನದಿಂದ ನೋಡಲು ಶುರು ಮಾಡುತ್ತಾನೆ. ನಾವೂ ಅಷ್ಟೇ. ಯಾರು ಇವನ ಪರ, ಯಾರು ವಿರುದ್ಧ? ಇವನಿಗೆ ನಿಜವಾಗಿಯೂ ಬಲೆ ಬೀಸಿದ್ದಾರಾ, ಇಲ್ಲ ಇವನ ತಲೆಯೇ ಎಲ್ಲವನ್ನೂ ಹೆಣೆಯುತ್ತಿದೆಯಾ? ಚಿತ್ತಾಲರು ಸ್ವತಃ ಅಂಥ ಉದ್ದಿಮೆಯಲ್ಲಿ ಕೆಲಸ ಮಾಡಿದವರು, ಹಾಗಾಗಿ ಆಫೀಸಿನ ಒಳಗಿನ ನಡೆ ಎಲ್ಲಾ ಖಚಿತವಾಗಿದೆ. ಯಾವ ಮೀಟಿಂಗ್‌ಗೆ ಯಾರನ್ನು ಕರೆಯುತ್ತಾರೆ, ಯಾರು ಯಾರ ಮೂಲಕ ಸುದ್ದಿ ಕಳಿಸುತ್ತಾರೆ, ಸೌಜನ್ಯದ ಮಾತಿನ ಒಳಗೆ ಬೆದರಿಕೆ ಹೇಗೆ ಕೂತಿರುತ್ತದೆ, ಇವನ್ನೆಲ್ಲ ಓದುವಾಗ ಇದು ಇವತ್ತಿನ ಯಾವುದೇ ಕಂಪನಿಯ ಕಥೆ ಅನ್ನಿಸುತ್ತದೆ.

ಎರಡು ಮಾತು ಎಚ್ಚರಿಕೆಗೆ. ನಾಗಪ್ಪ ತನ್ನೊಳಗೇ ಬಹಳ ಮಾತಾಡುತ್ತಾನೆ, ನಡುವೆ ಕೆಲವು ಪುಟಗಳು ನಿಧಾನ. ಇನ್ನೊಂದು, ನಿಮಗೆ ಈಗ ಕೆಲಸದಲ್ಲೇ ತೊಂದರೆ ಇದ್ದರೆ ಸ್ವಲ್ಪ ದಿನ ಬಿಟ್ಟು ಓದಿ. ಇದು ನಿದ್ದೆ ಕೆಡಿಸುವ ಪುಸ್ತಕ.

ಹೆದರಿಸುವ ಕಾದಂಬರಿ?

ಮಾಟ ಮಂತ್ರ ಬೇಕು, ರಾತ್ರಿ ದೀಪ ಆರಿಸಲು ಹೆದರಿಕೆ ಆಗಬೇಕು ಅಂದರೆ ಯಂಡಮೂರಿ ವೀರೇಂದ್ರನಾಥ್ ಅವರ 'ತುಳಸಿದಳ'. ಮೂಲ ತೆಲುಗು, ಕನ್ನಡದಲ್ಲಿ ಜನ ತಮ್ಮದೇ ಅನ್ನುವಂತೆ ಓದಿದ್ದಾರೆ. ತುಳಸಿ ಅನ್ನುವ ಪುಟ್ಟ ಹುಡುಗಿಯ ಮೇಲೆ ಕಾಷ್ಮೋರ ಅನ್ನುವ ಮಾಟದ ಪ್ರಯೋಗವಾಗುತ್ತದೆ. ಒಂದು ಕಡೆ ವೈದ್ಯರು, ಇನ್ನೊಂದು ಕಡೆ ಮಾಂತ್ರಿಕರು, ನಡುವೆ ಓದುಗ. ಎರಡೂ ಕಡೆಯ ವಾದ ಗಟ್ಟಿಯಾಗಿದೆ, ಅದೇ ಅದರ ಶಕ್ತಿ. ಮಕ್ಕಳಿಗೆ ನೋವಾಗುವ ಕಥೆ ಓದಲಾರೆ ಅನ್ನುವವರು ಇದನ್ನು ಮುಟ್ಟಬೇಡಿ.

ಮಾಟ ಬೇಡ, ಮನೆಯೇ ಹೆದರಿಸಬೇಕು ಅನ್ನುವವರಿಗೆ ಷರ್ಲಿ ಜಾಕ್ಸನ್ ಅವರ 'ದಿ ಹಾಂಟಿಂಗ್ ಆಫ್ ಹಿಲ್ ಹೌಸ್' (1959). ಏನೂ ತೋರಿಸದೆ ಹೆದರಿಸುವುದು ಹೇಗೆ ಅಂತ ಅದರಿಂದ ಕಲಿಯಬೇಕು.

ಇನ್ನೊಂದು ಹೆಸರು ಹೇಳಿದರೆ ಕೆಲವರು ಒಪ್ಪಲಿಕ್ಕಿಲ್ಲ: ವಿವೇಕ ಶಾನಭಾಗರ 'ಘಾಚರ್ ಘೋಚರ್'. ದೆವ್ವ ಇಲ್ಲ, ರಕ್ತ ಇಲ್ಲ. ಕಷ್ಟದಲ್ಲಿದ್ದ ಒಂದು ಕುಟುಂಬಕ್ಕೆ ಚಿಕ್ಕಪ್ಪನ ಮಸಾಲೆ ವ್ಯಾಪಾರದಿಂದ ದುಡ್ಡು ಬರುತ್ತದೆ, ದೊಡ್ಡ ಮನೆ ಬರುತ್ತದೆ. ಮಗ ಏನೂ ಕೆಲಸ ಮಾಡದೆ ಕಾಫಿ ಹೌಸಿನಲ್ಲಿ ಕೂತು ಕಥೆ ಹೇಳುತ್ತಾನೆ, ಧ್ವನಿ ಮೃದು, ಮಾತು ಸಭ್ಯ. ಒಂದು ದಿನ ಹೆಂಗಸೊಬ್ಬಳು ಚಿಕ್ಕಪ್ಪನನ್ನು ಹುಡುಕಿಕೊಂಡು ಡಬ್ಬಿಯಲ್ಲಿ ಅಡುಗೆ ಹಿಡಿದು ಬಾಗಿಲಿಗೆ ಬರುತ್ತಾಳೆ. ಆಗ ಆ ಮನೆಯ ಹೆಂಗಸರು ಅವಳ ಜೊತೆ ನಡೆದುಕೊಳ್ಳುವ ರೀತಿ ಇದೆಯಲ್ಲ, ಅದನ್ನು ಓದಿ ನಾನು ಪುಸ್ತಕ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತೆ. ಚಿಕ್ಕಪ್ಪ ಆ ಹೊತ್ತಿನಲ್ಲಿ ಎಲ್ಲಿದ್ದ ಅನ್ನುವುದನ್ನು ಗಮನಿಸಿ ಓದಿ. ದುಡ್ಡು ತರುವವನನ್ನು ಕಾಪಾಡಲು ಒಂದು ಸಂಸಾರ ಎಷ್ಟು ದೂರ ಹೋಗಬಹುದು ಅನ್ನುವ ಪ್ರಶ್ನೆ ಅಲ್ಲಿ ಎದ್ದು ನಿಲ್ಲುತ್ತದೆ, ಕೊನೆಯವರೆಗೂ ಕೂರುವುದಿಲ್ಲ. ನೂರು ಚಿಲ್ಲರೆ ಪುಟ, ಒಂದು ಸಂಜೆ ಸಾಕು. ಆಮೇಲೆ ಅವರದೇ 'ಸಕೀನಾಳ ಮುತ್ತು' ಓದಬಹುದು, ಅದು ತನ್ನನ್ನು ಉದಾರವಾದಿ ಅಂದುಕೊಂಡ ಅಪ್ಪನೊಬ್ಬನ ಕಥೆ.

ಐತಿಹಾಸಿಕ ಕಾದಂಬರಿಗಳಲ್ಲಿ ಯಾವುದು?

ನಿಮಗೆ ರಾಜರ ಕಥೆ ಬೇಕಾ, ಜನರ ಕಥೆ ಬೇಕಾ? ಅದರ ಮೇಲೆ ನಿರ್ಧಾರ.

ರಾಜರ ಕಥೆ ಅಂದರೆ ತ.ರಾ.ಸು. ಅವರ 'ದುರ್ಗಾಸ್ತಮಾನ' (1982). ಚಿತ್ರದುರ್ಗದ ಕೊನೆಯ ಪಾಳೆಯಗಾರ ಮದಕರಿ ನಾಯಕನ ಕಾಲ. ಕೋಟೆ 1779ರಲ್ಲಿ ಹೈದರಾಲಿಯ ಕೈಸೇರಿತು, ಅದು ಎಲ್ಲರಿಗೂ ಗೊತ್ತು, ಹೆಸರಿನಲ್ಲೇ ಇದೆ. ಗೊತ್ತಿದ್ದೂ "ಈ ಸಲ ಉಳಿಯಬಹುದಾ" ಅಂತ ಪ್ರತಿ ಅಧ್ಯಾಯದಲ್ಲೂ ಆಸೆ ಹುಟ್ಟಿಸುತ್ತಾರೆ. ಭಾಷೆ ಗತ್ತಿನದು, ಸಂಭಾಷಣೆ ನಾಟಕದಂತೆ. ಅದು ಹಿಡಿಸದವರಿಗೆ ಮಾಸ್ತಿಯವರ 'ಚಿಕವೀರ ರಾಜೇಂದ್ರ' (1956). ಕೊಡಗು 1834ರಲ್ಲಿ ಬ್ರಿಟಿಷರ ಪಾಲಾಗುವುದಕ್ಕೆ ಮೊದಲಿನ ದಿನಗಳು. ಮಾಸ್ತಿ ಯಾರ ಮೇಲೂ ಕೂಗಾಡುವುದಿಲ್ಲ, ಕೆಟ್ಟ ರಾಜನನ್ನೂ ಸಮಾಧಾನದಿಂದ ನೋಡುತ್ತಾರೆ.

ಜನರ ಕಥೆ ಅಂದರೆ ವಸುಧೇಂದ್ರ ಅವರ 'ತೇಜೋ-ತುಂಗಭದ್ರಾ' (2019). ಒಂದು ದಡ ಲಿಸ್ಬನ್, ಇನ್ನೊಂದು ದಡ ವಿಜಯನಗರ, ನಡುವೆ ಗೋವಾ. ಪ್ರೀತಿಸಿದ ಹುಡುಗಿಯನ್ನು ಮದುವೆಯಾಗಲು ದುಡ್ಡು ಬೇಕು ಅಂತ ಹಡಗು ಹತ್ತುವ ಗೇಬ್ರಿಯಲ್ ಅನ್ನುವ ಹುಡುಗ, ತುಂಗಭದ್ರೆಯ ಕಡೆಯ ಹಂಪಮ್ಮ ಮತ್ತು ಕೇಶವ. ಪೋರ್ಚುಗೀಸರ ಅಲ್ಬುಕರ್ಕ್ ಗೋವಾ ಹಿಡಿದಿದ್ದು 1510ರಲ್ಲಿ, ಇತಿಹಾಸದ ಪುಸ್ತಕದಲ್ಲಿ ಅದು ಒಂದು ಸಾಲು. ಇಲ್ಲಿ ಆ ಸಾಲಿನ ಕೆಳಗೆ ಸಿಕ್ಕಿಕೊಂಡ ಸಾಮಾನ್ಯರಿದ್ದಾರೆ. ಎರಡೂ ಕಡೆ ಧರ್ಮದ ಹೆಸರಿನಲ್ಲಿ ನಡೆಯುವ ಕ್ರೌರ್ಯವನ್ನು ಲೇಖಕರು ಮುಚ್ಚಿಡದೆ ಬರೆದಿದ್ದಾರೆ, ಕೆಲವು ದೃಶ್ಯ ಓದಲು ಕಷ್ಟ. ದಪ್ಪ ಪುಸ್ತಕ ನೋಡಿ ಹೆದರಬೇಡಿ. ನನಗೆ ಗೊತ್ತಿರುವ, ಕನ್ನಡ ಓದನ್ನೇ ಬಿಟ್ಟಿದ್ದ ಎಷ್ಟೋ ಜನ ವಾಪಸ್ ಬಂದಿದ್ದು ಇದೊಂದರಿಂದ.

ಪ್ರೇಮ ಕಥೆ?

ತ್ರಿವೇಣಿಯವರ 'ಬೆಳ್ಳಿ ಮೋಡ'. ಶ್ರೀಮಂತರ ಒಬ್ಬಳೇ ಮಗಳು ಇಂದಿರಾ, ಅವಳನ್ನು ಮದುವೆಯಾಗಲು ಒಪ್ಪಿದ ಮೋಹನ. ಆಸ್ತಿಯ ಲೆಕ್ಕ ಬದಲಾದ ಕೂಡಲೇ ಮೋಹನನ ಲೆಕ್ಕವೂ ಬದಲಾಗುತ್ತದೆ. ಅಲ್ಲಿಂದ ಮುಂದೆ ಇಂದಿರಾ ತೆಗೆದುಕೊಳ್ಳುವ ನಿರ್ಧಾರಕ್ಕೋಸ್ಕರ ಈ ಕಾದಂಬರಿ ಓದಬೇಕು. ಆ ಕಾಲದಲ್ಲಿ ಒಬ್ಬ ಹೆಣ್ಣು ಅಷ್ಟು ನೆಟ್ಟಗೆ ನಿಲ್ಲುವುದನ್ನು ಬರೆದರಲ್ಲ ಅಂತ ನನಗೆ ಈಗಲೂ ಹೆಮ್ಮೆ. ತ್ರಿವೇಣಿ 1963ರಲ್ಲಿ ಹೋದರು, ಇನ್ನೂ ನಲವತ್ತೂ ಆಗಿರಲಿಲ್ಲ.

ಅವರದೇ 'ಶರಪಂಜರ' ಪ್ರೇಮ ಕಥೆಯ ಪಟ್ಟಿಯಲ್ಲಿ ಬರುತ್ತದಾ? ಶುರುವಾಗುವುದು ಹಾಗೆ. ಆದರೆ ಅದು ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಂಡು ಮನೆಗೆ ಬಂದ ಕಾವೇರಿಯ ಕಥೆ. ಅವಳು ಗುಣವಾಗಿದ್ದಾಳೆ, ಸುತ್ತಲಿನವರ ಕಣ್ಣು ಗುಣವಾಗಿಲ್ಲ. ಅವಳು ಜೋರಾಗಿ ನಕ್ಕರೂ ಅನುಮಾನ, ಸುಮ್ಮನಿದ್ದರೂ ಅನುಮಾನ. ಸಿನಿಮಾ ಬಹಳ ಜನ ನೋಡಿದ್ದಾರೆ. ಪುಸ್ತಕದಲ್ಲಿ ಆ ಒಂಟಿತನ ಇನ್ನೂ ಹತ್ತಿರದಿಂದ ತಟ್ಟುತ್ತದೆ.

ವಿಜ್ಞಾನ ಕಾದಂಬರಿ ಓದಬೇಕು ಅನ್ನಿಸಿದೆ. ವಿಜ್ಞಾನ ಗೊತ್ತಿಲ್ಲದಿದ್ದರೂ ಪರವಾಗಿಲ್ವಾ?

ಏನೂ ಪರವಾಗಿಲ್ಲ. ಆಂಡಿ ವಿಯರ್ ಅವರ 'ಪ್ರಾಜೆಕ್ಟ್ ಹೇಲ್ ಮೇರಿ' (2021) ಓದಿ. ಒಬ್ಬ ಎಚ್ಚರಗೊಳ್ಳುತ್ತಾನೆ, ತಾನು ಯಾರು ಅಂತ ನೆನಪಿಲ್ಲ, ಸುತ್ತ ನೋಡಿದರೆ ಅದು ಬಾಹ್ಯಾಕಾಶ ನೌಕೆ. ತಾನು ಎಲ್ಲಿದ್ದೇನೆ ಅನ್ನುವುದನ್ನೂ ಸಣ್ಣ ಸಣ್ಣ ಪ್ರಯೋಗ ಮಾಡಿಯೇ ಕಂಡುಹಿಡಿಯುತ್ತಾನೆ. ಹೈಸ್ಕೂಲಿನ ವಿಜ್ಞಾನ ಸಾಕು. ನಡುವೆ ಒಂದು ಸ್ನೇಹ ಬರುತ್ತದೆ, ಅದರ ಬಗ್ಗೆ ಒಂದು ಅಕ್ಷರವೂ ಹೇಳುವುದಿಲ್ಲ. ಹಿಂದಿನ ರಕ್ಷಾಪುಟವನ್ನೂ ಓದದೆ ಶುರು ಮಾಡಿ.

ಅದಕ್ಕೆ ಪೂರ್ತಿ ಬೇರೆ ಬಗೆಯದು ಕಜುವೊ ಇಶಿಗುರೊ ಅವರ 'ನೆವರ್ ಲೆಟ್ ಮಿ ಗೋ' (2005). ಯಂತ್ರ ಇಲ್ಲ, ನೌಕೆ ಇಲ್ಲ, ಒಂದು ಬೋರ್ಡಿಂಗ್ ಶಾಲೆಯ ಮಕ್ಕಳು. ಏನೋ ಸರಿಯಿಲ್ಲ ಅಂತ ನಿಧಾನಕ್ಕೆ ಗೊತ್ತಾಗುತ್ತದೆ. ದುಃಖದ ಪುಸ್ತಕ, ಆದರೆ ಎಲ್ಲೂ ಅಳುವುದಿಲ್ಲ.

ಕನ್ನಡದಲ್ಲಿ ರಾಜಶೇಖರ ಭೂಸನೂರಮಠ ಅವರ 'ಮನ್ವಂತರ', 'ಆಪರೇಷನ್ ಯು.ಎಫ್.ಒ.' ಹುಡುಕಿ ಓದಿ. ಈ ದಾರಿಯಲ್ಲಿ ಒಂಟಿಯಾಗಿ ನಡೆದವರಲ್ಲಿ ಅವರೊಬ್ಬರು. ಅವರನ್ನು ಇನ್ನೂ ಜಾಸ್ತಿ ಜನ ಓದಬೇಕಿತ್ತು.

ಫ್ಯಾಂಟಸಿ?

ಉರ್ಸುಲಾ ಲೆ ಗ್ವಿನ್ ಅವರ 'ಎ ವಿಜರ್ಡ್ ಆಫ್ ಅರ್ತ್‌ಸೀ' (1968) ಚಿಕ್ಕದು, ಚೊಕ್ಕದು. ಮಂತ್ರ ಕಲಿತ ಹುಡುಗ ಅಹಂಕಾರದಿಂದ ಒಂದು ನೆರಳನ್ನು ಹೊರಗೆ ಬಿಡುತ್ತಾನೆ, ಮುಂದೆ ಅದರಿಂದ ಓಡುತ್ತಾನೆ.

ಅದು ಇಷ್ಟವಾದವರಿಗೆ ಚಂದ್ರಶೇಖರ ಕಂಬಾರರ 'ಶಿಖರಸೂರ್ಯ' ಖಂಡಿತ ಹಿಡಿಸುತ್ತದೆ. ಇದನ್ನು ಯಾರೂ ಫ್ಯಾಂಟಸಿ ಅಂತ ಕರೆಯುವುದಿಲ್ಲ, ಯಾಕೆ ಅಂತ ನನಗೆ ಅರ್ಥವಾಗಿಲ್ಲ. ಕಲ್ಪನೆಯ ರಾಜ್ಯ ಇದೆ, ಗಿಡಮೂಲಿಕೆಯ ವಿದ್ಯೆ ಇದೆ, ಆ ವಿದ್ಯೆಯನ್ನು ಅಧಿಕಾರಕ್ಕೆ ಬಳಸುವ ಮಹತ್ವಾಕಾಂಕ್ಷಿ ಇದ್ದಾನೆ. ಜಾನಪದದ ಲಯದಲ್ಲಿ ಕಥೆ ಸಾಗುತ್ತದೆ. ಬೇರೆ ದೇಶದ ಡ್ರ್ಯಾಗನ್ ಕಥೆಗಳನ್ನು ಸಾಲುಸಾಲಾಗಿ ಓದುವ ನಮ್ಮ ಹುಡುಗರು ಇದರ ಹೆಸರನ್ನೂ ಕೇಳಿರುವುದಿಲ್ಲ. ಅದು ಅವರ ತಪ್ಪಲ್ಲ, ಹೇಳಬೇಕಾದವರು ನಾವು.

ಮಹಾಭಾರತವನ್ನು ಪವಾಡ ಇಲ್ಲದೆ ಓದಬೇಕು ಅನ್ನುವವರಿಗೆ ಭೈರಪ್ಪನವರ 'ಪರ್ವ' (1979) ಇದ್ದೇ ಇದೆ. ಅಲ್ಲಿ ದೇವರಿಲ್ಲ, ವರವಿಲ್ಲ, ಶಾಪವಿಲ್ಲ. ವಯಸ್ಸಾದ, ಸುಸ್ತಾದ, ಯುದ್ಧಕ್ಕೆ ಹೊರಟ ಮನುಷ್ಯರಿದ್ದಾರೆ.

ಮನಸ್ಸು ಭಾರವಾಗಿದೆ. ನಗಿಸುವಂಥದ್ದು ಏನಾದರೂ?

ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' (1980). ಎಲ್ಲರೂ ಹೇಳುವ ಹೆಸರೇ. ಎಲ್ಲರೂ ಯಾಕೆ ಹೇಳುತ್ತಾರೆ ಅನ್ನುವುದು ಓದಿದರೆ ಗೊತ್ತಾಗುತ್ತದೆ. ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೋಗುವ ಒಂದು ತಂಡ: ವಿಜ್ಞಾನಿ ಕರ್ವಾಲೊ, ಜೇನು ಹಿಡಿಯುವ ಮಂದಣ್ಣ, ಬಿರಿಯಾನಿ ಕರಿಯಪ್ಪ, ಕಿವಿ ಅನ್ನುವ ನಾಯಿ. ಊರಿನವರು ಕೆಲಸಕ್ಕೆ ಬಾರದವನು ಅಂದ ಮಂದಣ್ಣನಲ್ಲಿ ಕರ್ವಾಲೊ ಒಬ್ಬ ನಿಸರ್ಗ ವಿಜ್ಞಾನಿಯನ್ನು ಕಾಣುತ್ತಾರೆ, ಅವನ ಮದುವೆ ಮಾಡಿಸಲು ಒದ್ದಾಡುತ್ತಾರೆ. ನಗುತ್ತ ನಗುತ್ತಲೇ ಕಾಲ, ಜೀವವಿಕಾಸ ಅನ್ನುವ ದೊಡ್ಡ ವಿಷಯಗಳ ಅಂಚಿಗೆ ಬಂದು ನಿಂತಿರುತ್ತೇವೆ. ಎಷ್ಟು ಸಲ ಓದಿದರೂ ಮಂದಣ್ಣ ಮಾತಾಡಲು ಶುರು ಮಾಡಿದ ಕೂಡಲೇ ನನ್ನ ಮುಖದಲ್ಲಿ ನಗು ಬರುತ್ತದೆ.

ಅದು ಓದಿ ಆಗಿದೆ ಅಂದರೆ 'ಜುಗಾರಿ ಕ್ರಾಸ್'. ಏಲಕ್ಕಿ ಮಾರಲು ಹೊರಟ ಗಂಡ ಹೆಂಡತಿ ಸುರೇಶ ಮತ್ತು ಗೌರಿ ಒಂದೇ ದಿನದೊಳಗೆ ಎಂಥೆಂಥ ಜಾಲದಲ್ಲಿ ಸಿಕ್ಕಿಕೊಳ್ಳುತ್ತಾರೆ ಅನ್ನುವುದು ಕಥೆ. ಇಲ್ಲಿ ಓಟ ಜಾಸ್ತಿ, ನಗು ಕಡಿಮೆ.

ದಪ್ಪ ಪುಸ್ತಕಗಳನ್ನು ಮುಗಿಸುವುದು ಹೇಗೆ? 'ಮಲೆಗಳಲ್ಲಿ ಮದುಮಗಳು' ಮೂರು ಸಲ ಶುರು ಮಾಡಿ ಬಿಟ್ಟಿದ್ದೇನೆ.

ಕುವೆಂಪು ಅವರ ಈ ಕಾದಂಬರಿ (1967) ಬಿಟ್ಟವರೆಲ್ಲ ಸಾಮಾನ್ಯವಾಗಿ ಒಂದೇ ಕಾರಣಕ್ಕೆ ಬಿಡುತ್ತಾರೆ: ನಾಯಕ ಯಾರು ಅಂತ ಹುಡುಕುತ್ತ ಹೋಗುತ್ತಾರೆ, ಸಿಗುವುದಿಲ್ಲ. ನಾಯಿಗುತ್ತಿ ಮತ್ತು ಅವನ ನಾಯಿ ಹುಲಿಯನ ಹಿಂದೆ ಹೊರಟ ಓದುಗ ಇನ್ನೇನು ಇವನೇ ನಾಯಕ ಅಂದುಕೊಳ್ಳುವಷ್ಟರಲ್ಲಿ ಕಥೆ ಇನ್ನೊಂದು ಮನೆಗೆ ಹೋಗಿರುತ್ತದೆ, ಅಲ್ಲಿಂದ ಮತ್ತೊಂದಕ್ಕೆ. ಅದು ಹಾಗೇ ಇರುವುದು. ಇಲ್ಲಿ ಕಾಡಿಗೂ ಮಳೆಗೂ ಉಂಬಳಕ್ಕೂ ಮನುಷ್ಯರಷ್ಟೇ ಜಾಗ.

ಒಂದು ಉಪಾಯ ಹೇಳುತ್ತೇನೆ, ಕೆಲಸ ಮಾಡುತ್ತದೆ. ಒಂದು ಚೀಟಿ ತೆಗೆದುಕೊಳ್ಳಿ. ಸಿಂಬಾವಿ, ಹಳೆಮನೆ, ಬೆಟ್ಟಳ್ಳಿ, ಕೋಣೂರು, ಹೂವಳ್ಳಿ ಅಂತ ಮನೆಗಳ ಹೆಸರು ಬರೆದು, ಪಾತ್ರ ಬಂದ ಹಾಗೆ ಅದರ ಕೆಳಗೆ ಸೇರಿಸುತ್ತ ಹೋಗಿ. ನಾಯಿಗುತ್ತಿ ಸಿಂಬಾವಿಯವನು, ಅವನು ಮದುವೆಯಾಗಬೇಕು ಅಂದುಕೊಂಡ ತಿಮ್ಮಿ ಬೆಟ್ಟಳ್ಳಿಯವಳು, ಮುಕುಂದಯ್ಯ ಕೋಣೂರು, ಚಿನ್ನಮ್ಮ ಹೂವಳ್ಳಿ. ನೂರು ಪುಟ ದಾಟುವ ಹೊತ್ತಿಗೆ ಚೀಟಿ ಬೇಕಾಗುವುದಿಲ್ಲ. ದಿನಕ್ಕೆ ಸ್ವಲ್ಪ ಸ್ವಲ್ಪವೇ ಓದಿ, ಬೇಗ ಮುಗಿಸುವ ಹಟ ಬೇಡ. ನಡುವೆ ಬೇರೆ ಚಿಕ್ಕ ಪುಸ್ತಕ ಓದಿದರೂ ಏನೂ ಆಗುವುದಿಲ್ಲ. ಮಳೆಯಲ್ಲಿ, ಕತ್ತಲಲ್ಲಿ ಗುತ್ತಿ ತಿಮ್ಮಿಯನ್ನು ಕರೆದುಕೊಂಡು ಹೋಗುವ ಭಾಗಕ್ಕೆ ಬಂದ ಮೇಲೆ ನಿಮ್ಮನ್ನು ಯಾರೂ ನಿಲ್ಲಿಸಲಾರರು.

ಒಂದೇ ಸಂಜೆಯಲ್ಲಿ ಮುಗಿಯಬೇಕು, ಆದರೆ ಮರೆಯಬಾರದು. ಯಾವುದು?

ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ'. 1981ರಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಿತ್ತು. ನಾದಿರಾ ಮತ್ತು ರಶೀದ್ ಒಬ್ಬರನ್ನೊಬ್ಬರು ಇಷ್ಟಪಡುವ ಗಂಡ ಹೆಂಡತಿ. ಅವಳ ಅಪ್ಪನ ಹಟದಿಂದ ತಲಾಖ್ ಆಗಿಬಿಡುತ್ತದೆ. ಮತ್ತೆ ಒಂದಾಗಬೇಕೆಂದರೆ ಅವಳು ಮೊದಲು ಬೇರೊಬ್ಬನನ್ನು ಮದುವೆಯಾಗಿ ಅವನಿಂದ ಬಿಡುಗಡೆ ಪಡೆಯಬೇಕು. ಈ ಇಕ್ಕಟ್ಟಿನಲ್ಲಿ ಸಿಕ್ಕ ಹುಡುಗಿಯ ಮನಸ್ಸನ್ನು ಲೇಖಕಿ ಒಂದೂ ಅಲಂಕಾರದ ಮಾತಿಲ್ಲದೆ ಬರೆದಿದ್ದಾರೆ. ವಾದ ಮಾಡುವುದಿಲ್ಲ. ನಾದಿರಾಳ ಪಕ್ಕದಲ್ಲಿ ನಮ್ಮನ್ನು ಕೂರಿಸುತ್ತಾರೆ, ಅಷ್ಟೇ.

ಸಿನಿಮಾ ನೋಡಿದ್ದೇನೆ. ಮತ್ತೆ ಕಾದಂಬರಿ ಓದಬೇಕಾ?

ಓದಿ. ಶ್ರೀಕೃಷ್ಣ ಆಲನಹಳ್ಳಿಯವರ 'ಕಾಡು' ತೆಗೆದುಕೊಳ್ಳಿ. ಎರಡು ಹಳ್ಳಿಗಳ ದ್ವೇಷ, ದೊಡ್ಡವರ ಗುಟ್ಟು, ಇವೆಲ್ಲವನ್ನೂ ಕಿಟ್ಟಿ ಅನ್ನುವ ಹುಡುಗನ ಕಣ್ಣಿನಿಂದ ನೋಡುತ್ತೇವೆ. ಕಿಟ್ಟಿಗೆ ಅರ್ಧ ಅರ್ಥವಾಗುತ್ತದೆ, ಉಳಿದರ್ಧ ನಮಗೆ ಅರ್ಥವಾಗಿ ಹೊಟ್ಟೆ ಹಿಂಡುತ್ತದೆ. ಗಿರೀಶ ಕಾರ್ನಾಡರ ಸಿನಿಮಾ ಒಳ್ಳೆಯದೇ, ಆದರೆ ಮಗುವಿನ ತಲೆಯೊಳಗಿನ ಆ ಗೊಂದಲ ಪುಟದ ಮೇಲೆ ಮಾತ್ರ ಸಿಗುತ್ತದೆ. ನಾ. ಡಿಸೋಜ ಅವರ 'ದ್ವೀಪ'ವೂ ಹಾಗೇ. ಅಣೆಕಟ್ಟಿನ ನೀರು ಏರುತ್ತಿರುವಾಗ ಊರು ಬಿಡದೆ ಉಳಿದ ಒಂದು ಸಂಸಾರ. ಸಿನಿಮಾ ನೋಡಿದವರಿಗೂ ಅದು ಹೊಸದಾಗಿಯೇ ಕಾಣುತ್ತದೆ.

ಇಷ್ಟವಾಗದ ಪುಸ್ತಕ ಅರ್ಧಕ್ಕೆ ಬಿಡಬಹುದಾ?

ಬಿಡಿ. ಯಾರೂ ಪರೀಕ್ಷೆ ಇಟ್ಟಿಲ್ಲ. ಪುಸ್ತಕ ಕೆಟ್ಟದ್ದು ಅಂತ ಮಾತ್ರ ಆಗಲೇ ತೀರ್ಮಾನ ಮಾಡಬೇಡಿ. ಎಷ್ಟನೇ ಪುಟದಲ್ಲಿ ಬಿಟ್ಟಿರಿ ಅಂತ ಪೆನ್ಸಿಲಿನಲ್ಲಿ ಗುರುತು ಹಾಕಿ, ಕಪಾಟಿನಲ್ಲೇ ಇಡಿ.

ಮುನ್ನುಡಿ ಮೊದಲು ಓದಬೇಕಾ?

ಕೊನೆಗೆ ಓದಿ. ನಮ್ಮಲ್ಲಿ ಮುನ್ನುಡಿ ಬರೆಯುವ ವಿಮರ್ಶಕರು ಇಡೀ ಕಥೆಯನ್ನು ಮುಂದಿಟ್ಟುಕೊಂಡು ಚರ್ಚೆ ಮಾಡುತ್ತಾರೆ, ಯಾರು ಸತ್ತರು ಯಾರು ಉಳಿದರು ಎಲ್ಲಾ ಅಲ್ಲೇ ಗೊತ್ತಾಗಿಬಿಡುತ್ತದೆ. ಬಹಳ ಸಲ ಅದು ಒಳ್ಳೆಯ ಬರಹವೇ ಆಗಿರುತ್ತದೆ. ಕಾದಂಬರಿ ಮುಗಿಸಿದ ಮೇಲೆ ಓದಿದರೆ ಅದರ ಬೆಲೆ ಇನ್ನೂ ಚೆನ್ನಾಗಿ ತಿಳಿಯುತ್ತದೆ.

ನಿಮ್ಮ ಹತ್ತಿರ ಪುಸ್ತಕ ಕೇಳುವಾಗ ಏನು ಹೇಳಬೇಕು?

"ಒಳ್ಳೆ ಪುಸ್ತಕ ಹೇಳಿ" ಅಂದರೆ ನನಗೆ ಏನೂ ಗೊತ್ತಾಗುವುದಿಲ್ಲ. ಕೊನೆಯದಾಗಿ ಯಾವ ಪುಸ್ತಕ ಇಷ್ಟವಾಯಿತು, ಯಾವುದನ್ನು ಬಿಟ್ಟಿರಿ, ಯಾಕೆ ಬಿಟ್ಟಿರಿ, ಇಷ್ಟು ಹೇಳಿ. 'ಬಿಟ್ಟಿದ್ದು ಯಾಕೆ' ಅನ್ನುವುದೇ ಹೆಚ್ಚು ಉಪಯೋಗ. ಭಾಷೆ ಕಷ್ಟವಾಯಿತು ಅಂದವರಿಗೂ, ಏನೂ ನಡೆಯುವುದೇ ಇಲ್ಲ ಅಂದವರಿಗೂ, ದುಃಖ ತಡೆಯಲಾಗಲಿಲ್ಲ ಅಂದವರಿಗೂ ಹೇಳುವ ಹೆಸರು ಬೇರೆ ಬೇರೆ. ಪುಸ್ತಕ ಸಿನಿಮಾ ಆಗಿರಬೇಕಾಗಿಲ್ಲ, ಪ್ರಶಸ್ತಿ ಬಂದಿರಬೇಕಾಗಿಲ್ಲ. ನಿಮಗೆ ಈಗ ಎಷ್ಟು ಹೊತ್ತು ಸಿಗುತ್ತದೆ ಅನ್ನುವುದನ್ನೂ ಹೇಳಿ. ಪುಟ್ಟ ಮಗು ಇರುವ ಮನೆಯವರಿಗೆ 'ಪರ್ವ' ಹೇಳುವುದು ನ್ಯಾಯವಲ್ಲ, ಅಲ್ವಾ?

ಕನ್ನಡ ಓದಲು ಬಾರದ ಗೆಳೆಯರಿಗೆ ಇವುಗಳಲ್ಲಿ ಯಾವುದನ್ನು ಕೊಡಬಹುದು?

'ಘಾಚರ್ ಘೋಚರ್' ಮೊದಲು. ಶ್ರೀನಾಥ್ ಪೇರೂರ್ ಅವರ ಇಂಗ್ಲಿಷ್ ಅನುವಾದ ಬಹಳ ಚೆನ್ನಾಗಿದೆ, ಮೂಲದ ಆ ತಣ್ಣಗಿನ ಧ್ವನಿ ಅಲ್ಲೂ ಇದೆ. 'ಸಕೀನಾಳ ಮುತ್ತು' ಅನುವಾದಿಸಿದ್ದೂ ಅವರೇ. 'ತೇಜೋ-ತುಂಗಭದ್ರಾ'ವನ್ನು ಮೈತ್ರೇಯಿ ಕರ್ನೂರ್ ಇಂಗ್ಲಿಷಿಗೆ ತಂದಿದ್ದಾರೆ. 'ಶಿಕಾರಿ', 'ಪರ್ವ', 'ಕರ್ವಾಲೊ', 'ಚಂದ್ರಗಿರಿಯ ತೀರದಲ್ಲಿ' ಇವೂ ಇಂಗ್ಲಿಷಿನಲ್ಲಿವೆ. ಗೆಳೆಯರು ಥ್ರಿಲ್ಲರ್ ಪ್ರಿಯರಾದರೆ 'ಶಿಕಾರಿ' ಕೊಡಿ. ಕೊಡುವಾಗ ಇದು ಕನ್ನಡದ ಮಹತ್ವದ ಕೃತಿ ಅಂತೆಲ್ಲ ಹೇಳಬೇಡಿ. ಒಬ್ಬನಿಗೆ ಕೆಲಸ ಹೋಗುತ್ತದೆ, ಯಾಕೆ ಅಂತ ಅವನಿಗೆ ಗೊತ್ತಿಲ್ಲ ಅನ್ನಿ. ಅವರೇ ಕೈ ಚಾಚುತ್ತಾರೆ.